ಹೊಸ ಊರು, ಮೊದಲ ಸೆಮಿಸ್ಟರ್: ಊರು ತೋರಿಸುವ ಕೋರ್ಸ್ ಹುಡುಕುವುದು ಹೇಗೆ, ಅದನ್ನು ಚೆನ್ನಾಗಿ ಬಳಸಿಕೊಳ್ಳುವುದು ಹೇಗೆ

ಕಾಲೇಜಿಗೆ ಅಂತ ಹೊಸ ಊರಿಗೆ ಬಂದಿದ್ದೀರಾ? ಹಾಗಾದರೆ ಮೊದಲು ಒಂದು ಖಾಲಿ ಹಾಳೆ ತಗೊಳ್ಳಿ. ಫೋನ್ ಪಕ್ಕಕ್ಕಿಡಿ. ನೀವೀಗ ಇರುವ ಊರಿನ ನಕ್ಷೆಯನ್ನು ನೆನಪಿನಿಂದ ಬರೆಯಿರಿ. ಅಂದವಾಗಿರಬೇಕು ಅಂತೇನಿಲ್ಲ, ಹತ್ತು ನಿಮಿಷ ಸಾಕು. ಬಹಳ ಜನರ ಹಾಳೆಯಲ್ಲಿ ಒಂದು ಹಾಸ್ಟೆಲ್, ಒಂದು ಕಾಲೇಜು, ನಡುವೆ ಒಂದು ಗೆರೆ ಇರುತ್ತದೆ. ರೈಲು ನಿಲ್ದಾಣ ಎಲ್ಲೋ ಮೂಲೆಯಲ್ಲಿ ಯಾವುದಕ್ಕೂ ಅಂಟಿಕೊಳ್ಳದೆ ನಿಂತಿರುತ್ತದೆ. ನನ್ನ ಹಾಳೆಯೂ ಹಾಗೇ ಇತ್ತು. ಮೇಲೆ ತಾರೀಖು ಹಾಕಿ ಎತ್ತಿಡಿ, ಸೆಮಿಸ್ಟರ್ ಮುಗಿಯುವಾಗ ಬೇಕಾಗುತ್ತದೆ.

ಈ ಅಭ್ಯಾಸಕ್ಕೆ ಒಂದು ಹಿನ್ನೆಲೆ ಇದೆ. ಅಮೆರಿಕದ ಎಂಐಟಿಯಲ್ಲಿ ನಗರ ಯೋಜನೆ ಪಾಠ ಮಾಡುತ್ತಿದ್ದ ಕೆವಿನ್ ಲಿಂಚ್ ಅವರು ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್ ಊರುಗಳ ಜನರಿಂದ ಹೀಗೇ ನಕ್ಷೆ ಬರೆಸಿದರು. ಅದರಿಂದ ತಿಳಿದದ್ದನ್ನು 1960ರಲ್ಲಿ ಪುಸ್ತಕವಾಗಿ ತಂದರು. ಜನರ ತಲೆಯಲ್ಲಿ ಊರು ಐದು ಬಗೆಯ ತುಂಡುಗಳಾಗಿ ಕೂತಿರುತ್ತದೆ ಅಂತ ಅವರು ಹೇಳಿದ್ದು. ಓಡಾಡುವ ದಾರಿಗಳು. ಗೋಡೆ, ನೀರು, ರೈಲು ಹಳಿಯಂತಹ ಅಂಚುಗಳು. ತನ್ನದೇ ಗುಣ ಇರುವ ಬಡಾವಣೆಗಳು. ದಾರಿಗಳು ಬಂದು ಸೇರುವ ಜಾಗಗಳು. ಕಣ್ಣಿಗೆ ಬಿದ್ದು ನೆನಪಲ್ಲಿ ಉಳಿಯುವ ಗುರುತುಗಳು. ನಿಮ್ಮ ಹಾಳೆಯಲ್ಲಿ ಇವುಗಳಲ್ಲಿ ಯಾವುದು ಇಲ್ಲವೇ ಇಲ್ಲ ಅಂತ ಒಮ್ಮೆ ನೋಡಿ. ಹೊಸಬರಿಗೆ ಒಂದಷ್ಟು ಗುರುತುಗಳು ಗೊತ್ತಿರುತ್ತವೆ, ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಗೊತ್ತಿರುವುದಿಲ್ಲ.

ನಾನು ಮೊದಲ ಮೂರು ತಿಂಗಳು ಒಂದೇ ರಸ್ತೆಯಲ್ಲಿ ಓಡಾಡಿದೆ. ಭಾನುವಾರ ಬಂದರೆ ಹಾಸ್ಟೆಲ್ ಕಿಟಕಿ ಪಕ್ಕ ಕೂತು ಮನೆ ನೆನೆಸಿಕೊಳ್ಳುತ್ತಿದ್ದೆ. ಎರಡನೇ ಸೆಮಿಸ್ಟರ್‌ನಲ್ಲಿ ಟೈಮ್‌ಟೇಬಲ್ ಹೊಂದುತ್ತದೆ ಅನ್ನೋ ಕಾರಣಕ್ಕೆ ಊರಿನ ಬಗ್ಗೆ ಒಂದು ಎಲೆಕ್ಟಿವ್ ತಗೊಂಡೆ. ನಾಲ್ಕು ವಾರದೊಳಗೆ ಆ ಊರಿನಲ್ಲಿ ನನಗೆ ಅಂತ ಒಂದು ಬೆಂಚು, ಒಂದು ಬಸ್ಸು, ಒಂದು ಅಡ್ಡದಾರಿ ಆಗಿತ್ತು. ಅದನ್ನು ಮೊದಲನೇ ಸೆಮಿಸ್ಟರ್‌ನಲ್ಲೇ ತಗೊಂಡಿದ್ದರೆ ಆ ಮೂರು ತಿಂಗಳು ಬೇರೆಯೇ ಆಗಿರುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಂಥ ಕೋರ್ಸ್ ಎಲ್ಲಿರುತ್ತದೆ

ಕೆಲವು ಕಾಲೇಜುಗಳು ಇದನ್ನು ನೇರವಾಗಿ ಹೊಸಬರಿಗೆಂದೇ ಇಟ್ಟಿವೆ. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಎರಡು ದಾರಿಗಳಿವೆ. 'ಡಿಸ್ಕವರ್ ಷಿಕಾಗೋ' ತಗೊಂಡವರು ಉಳಿದ ತರಗತಿಗಳು ಶುರುವಾಗುವ ಮುಂಚೆಯೇ ಬಂದು ಒಂದು ವಾರ ಪೂರ್ತಿ ಊರಿನಲ್ಲಿ ತಿರುಗುತ್ತಾರೆ. ಅದಕ್ಕೆ ಇಮ್ಮರ್ಶನ್ ವೀಕ್ ಅಂತಾರೆ. 'ಎಕ್ಸ್‌ಪ್ಲೋರ್ ಷಿಕಾಗೋ' ತಗೊಂಡವರು ಪಾಠದ ಜೊತೆಜೊತೆಗೇ ಆಗಾಗ ಹೊರಗೆ ಹೋಗುತ್ತಾರೆ. ಅಲ್ಲಿ ನನಗೆ ತುಂಬಾ ಹಿಡಿಸಿದ್ದು ಪಾಠ ಮಾಡುವ ತಂಡ. ಒಬ್ಬ ಅಧ್ಯಾಪಕರು, ಕಾಲೇಜಿನ ಒಬ್ಬ ಸಿಬ್ಬಂದಿ, ಜೊತೆಗೆ ಒಬ್ಬ ಸೀನಿಯರ್ ವಿದ್ಯಾರ್ಥಿ. ಅಧ್ಯಾಪಕರನ್ನು ಕೇಳಲು ಸಂಕೋಚ ಆಗುವ ಪ್ರಶ್ನೆಗಳನ್ನು ಸೀನಿಯರ್ ಹತ್ತಿರ ಕೇಳಬಹುದು, ಅಲ್ವಾ? ಕೊನೇ ಬಸ್ಸು ಎಷ್ಟೊತ್ತಿಗೆ, ರಾತ್ರಿ ಯಾವ ಕಡೆಯಿಂದ ನಡೆದು ಬರುವುದು ವಾಸಿ, ಇಂಥದ್ದೆಲ್ಲ.

ನ್ಯೂಯಾರ್ಕ್‌ನ ಮೆಕಾಲೆ ಆನರ್ಸ್ ಕಾಲೇಜಿನಲ್ಲಿ ಊರಿನ ಬಗ್ಗೆಯೇ ನಾಲ್ಕು ಸೆಮಿನಾರ್‌ಗಳಿವೆ: ಊರಿನ ಕಲೆ, ಊರಿಗೆ ಬಂದು ನೆಲೆಸಿದ ಜನ, ಊರಿನ ವಿಜ್ಞಾನ ಮತ್ತು ತಂತ್ರಜ್ಞಾನ, ಊರಿನ ನಾಳೆ. ವಿಜ್ಞಾನದ ಸೆಮಿನಾರ್‌ನಲ್ಲಿ ಒಂದು ಪಾರ್ಕಿನ ಗಿಡ, ಹುಳ, ಹಕ್ಕಿಗಳನ್ನೆಲ್ಲ ಒಂದೇ ದಿನದಲ್ಲಿ ಹುಡುಕಿ ಪಟ್ಟಿ ಮಾಡುವ ಬಯೋಬ್ಲಿಟ್ಜ್ ಇರುತ್ತದೆ. ಅದೇ ಊರಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ಕೆನೆತ್ ಜಾಕ್ಸನ್ ಅವರು ವಿದ್ಯಾರ್ಥಿಗಳನ್ನು ಕರೆದುಕೊಂಡು ರಾತ್ರಿಯಿಡೀ ಸೈಕಲ್ ಮೇಲೆ ಊರು ಸುತ್ತುತ್ತಿದ್ದರು. ನಡುನಡುವೆ ನಿಂತು ಅಲ್ಲಲ್ಲೇ ಪಾಠ, ಬೆಳಗಾಗುವಷ್ಟರಲ್ಲಿ ಬ್ರೂಕ್ಲಿನ್. ಗಾಡಿಗಳಿಲ್ಲದ ಹೊತ್ತಿನಲ್ಲಿ ರಸ್ತೆಯ ಆಕಾರವೇ ಬೇರೆ ಕಾಣುತ್ತದೆ, ಬೆಳಗಿನ ಜಾವ ಒಮ್ಮೆ ಹೊರಗೆ ಹೋಗಿ ನೋಡಿದರೆ ನಿಮಗೂ ಗೊತ್ತಾಗುತ್ತದೆ.

ನಿಮ್ಮ ಕಾಲೇಜಿನಲ್ಲಿ ಇಷ್ಟು ನೇರವಾದ ಹೆಸರಿನ ಕೋರ್ಸ್ ಇಲ್ಲದಿರಬಹುದು. ಹಾಗಂತ ಕೈ ಬಿಡಬೇಡಿ, ಅದು ಬೇರೆ ಹೆಸರಿನಲ್ಲಿ ಅಡಗಿರುತ್ತದೆ. ಭೂಗೋಳ ವಿಭಾಗದಲ್ಲಿ ನಗರ ಭೂಗೋಳ, ಇತಿಹಾಸದಲ್ಲಿ ಸ್ಥಳೀಯ ಇತಿಹಾಸ, ಸಮಾಜಶಾಸ್ತ್ರದಲ್ಲಿ ಫೀಲ್ಡ್‌ವರ್ಕ್, ಪರಿಸರ ವಿಜ್ಞಾನದಲ್ಲಿ ನೀರು ಅಥವಾ ಗಾಳಿಯ ಸರ್ವೆ, ಪತ್ರಿಕೋದ್ಯಮದಲ್ಲಿ ವರದಿಗಾರಿಕೆ, ವಾಸ್ತುಶಿಲ್ಪದಲ್ಲಿ ಸ್ಕೆಚಿಂಗ್. ಕೋರ್ಸ್ ಪಟ್ಟಿಯಲ್ಲಿ ಹೆಸರು ನೋಡಿ ಮುಂದೆ ಹೋಗಬೇಡಿ. ಸಿಲಬಸ್ ತೆರೆದು 'ಫೀಲ್ಡ್', 'ಸರ್ವೆ', 'ವಿಸಿಟ್', 'ಸಂದರ್ಶನ' ಅನ್ನೋ ಪದಗಳು ಎಲ್ಲಿವೆ ಅಂತ ಹುಡುಕಿ. ಎಂಜಿನಿಯರಿಂಗ್ ಓದುವವರು ಇದು ನಮಗಲ್ಲ ಅಂದುಕೊಳ್ಳುತ್ತಾರೆ. ಟ್ರಾಫಿಕ್ ಎಣಿಸುವ, ಒಳಚರಂಡಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ಹುಡುಕುವ ಪ್ರಾಜೆಕ್ಟ್‌ಗಿಂತ ಚೆನ್ನಾಗಿ ಊರು ತೋರಿಸುವುದು ಬೇರೆ ಯಾವುದಿದೆ?

ಯಾವುದನ್ನು ಆರಿಸಬೇಕು

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಹತ್ತು ಜಾಗ ತೋರಿಸುವ ಕೋರ್ಸ್‌ಗಿಂತ ಒಂದೇ ಜಾಗಕ್ಕೆ ನಾಲ್ಕು ಸಲ ಕಳಿಸುವ ಕೋರ್ಸ್ ಒಳ್ಳೆಯದು. ಕಾಲೇಜು ಬಸ್ಸಿನಲ್ಲಿ ಕೂರಿಸಿ ಕರೆದುಕೊಂಡು ಹೋಗುವ ಕೋರ್ಸ್‌ಗಿಂತ 'ಶನಿವಾರ ಇಷ್ಟು ಗಂಟೆಗೆ ಇಂಥ ಕಡೆ ಸೇರಿ, ನೀವೇ ಬನ್ನಿ' ಅನ್ನುವ ಕೋರ್ಸ್ ಒಳ್ಳೆಯದು. ಕಾಲೇಜು ಬಸ್ಸು ಬಾಗಿಲಲ್ಲಿ ಹತ್ತಿಸಿಕೊಂಡು ಬಾಗಿಲಲ್ಲಿ ಇಳಿಸುತ್ತದೆ. ನಡುವಿನ ದಾರಿಯಲ್ಲಿ ಎಲ್ಲರೂ ಹಾಡು, ಹರಟೆ. ಅದು ಖುಷಿಯೇ, ಬೇಡ ಅನ್ನೋದಿಲ್ಲ, ಆದರೆ ಮಾರನೇ ವಾರ ಅದೇ ಜಾಗಕ್ಕೆ ಒಬ್ಬರೇ ಹೋಗಿ ಅಂದರೆ ಯಾರಿಗೂ ದಾರಿ ಗೊತ್ತಿರುವುದಿಲ್ಲ. ಬೋರ್ಡು ಓದಿ, ಯಾರನ್ನೋ ಕೇಳಿ, ಒಂದು ಸಲ ತಪ್ಪು ಸ್ಟಾಪಿನಲ್ಲಿ ಇಳಿದು, ಅಲ್ಲಿಂದ ನಡೆದುಕೊಂಡು ಹೋಗಿ ತಲುಪಿದ ಜಾಗ ಮಾತ್ರ ತಲೆಯಲ್ಲಿ ಉಳಿಯುತ್ತದೆ.

ಸೇರುವ ಮುಂಚೆ ಅಧ್ಯಾಪಕರನ್ನೋ ಹಿಂದಿನ ವರ್ಷ ತಗೊಂಡವರನ್ನೋ ಕೇಳಿ. ಒಟ್ಟು ಎಷ್ಟು ಸಲ ಹೊರಗೆ ಹೋಗುತ್ತೀರಿ? ಒಂದು ಗುಂಪಿನಲ್ಲಿ ಎಷ್ಟು ಜನ? ಅರವತ್ತು ಜನ ಒಟ್ಟಿಗೆ ಹೋದರೆ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ, ಹದಿನೈದರ ಆಸುಪಾಸು ಇದ್ದರೆ ಮಾತಾಡಬಹುದು. ಅಂಕ ಕೊಡುವುದು ಬಾಯಿಪಾಠಕ್ಕಾ, ನೋಡಿ ಬರೆದದ್ದಕ್ಕಾ? ಪ್ರಯಾಣದ ಖರ್ಚು ಯಾರದ್ದು? ಖರ್ಚಿನ ಪ್ರಶ್ನೆ ಕೇಳಲು ನಾಚಿಕೆ ಬೇಡ, ತರಗತಿಯಲ್ಲಿ ನಿಮ್ಮ ಹಾಗೇ ಸುಮ್ನೆ ಕೂತಿರುವ ಇನ್ನೂ ಹಲವರಿಗೆ ಅದೇ ಉತ್ತರ ಬೇಕಿರುತ್ತದೆ. ಹೆಚ್ಚು ನಡೆಯಲು ಆಗದವರು, ಗಾಲಿಕುರ್ಚಿ ಬಳಸುವವರು ಮೊದಲ ವಾರದಲ್ಲೇ ಹೇಳಿಬಿಡಿ. ದಾರಿಯನ್ನು ಮುಂಚೆಯೇ ಬದಲಾಯಿಸಬಹುದು, ಹೊರಡುವ ದಿನ ಬೆಳಿಗ್ಗೆ ಕಷ್ಟ. ಇಳಿಜಾರು ಇಲ್ಲದ ಮೆಟ್ಟಿಲು, ಒಡೆದ ಫುಟ್‌ಪಾತ್ ಎಲ್ಲೆಲ್ಲಿ ಅಂತ ಇಡೀ ತರಗತಿ ಸೇರಿ ಗುರುತಿಸುವುದೇ ಒಳ್ಳೆಯ ಅಸೈನ್‌ಮೆಂಟ್ ಆಗುತ್ತದೆ.

ಟೈಮ್‌ಟೇಬಲ್ ಕೂಡ ನೋಡಿ. ಫೀಲ್ಡ್ ದಿನದ ಹಿಂದೆ ಮುಂದೆ ಲ್ಯಾಬ್ ಇದ್ದರೆ ಪ್ರತಿ ಸಲ ಅರ್ಧದಲ್ಲಿ ಓಡಿ ಬರಬೇಕಾಗುತ್ತದೆ. ಅನೇಕ ಕಾಲೇಜುಗಳಲ್ಲಿ ಮೊದಲ ಒಂದೆರಡು ವಾರ ಕೋರ್ಸ್ ಬದಲಾಯಿಸಲು ಅವಕಾಶ ಇರುತ್ತದೆ, ಅಷ್ಟರೊಳಗೆ ನಿರ್ಧಾರ ಮಾಡಿ.

ಮೊದಲ ಸಲ ಹೊರಡುವಾಗ

ಸಾಧ್ಯವಾದರೆ ಮೊದಲು ಎತ್ತರಕ್ಕೆ ಹೋಗಿ. ಗುಡ್ಡ, ಗೋಪುರ, ಮೇಲಿನ ಮಹಡಿ, ಯಾವುದಾದರೂ ಆಗುತ್ತದೆ. ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ 1892ರಲ್ಲಿ ಎಡಿನ್‌ಬರೋದಲ್ಲಿ ಔಟ್‌ಲುಕ್ ಟವರ್ ಅಂತ ಒಂದು ಗೋಪುರವನ್ನೇ ಇದಕ್ಕಾಗಿ ವಹಿಸಿಕೊಂಡರು. ಬಂದವರನ್ನು ಮೊದಲು ತುದಿಗೆ ಹತ್ತಿಸಿ, ಅಲ್ಲಿರುವ ಕ್ಯಾಮೆರಾ ಅಬ್ಸ್‌ಕ್ಯೂರಾದಲ್ಲಿ, ಅಂದರೆ ಹೊರಗಿನ ದೃಶ್ಯ ಒಳಗೆ ಮೂಡುವ ಕತ್ತಲೆ ಕೋಣೆಯಲ್ಲಿ, ಸುತ್ತಲಿನ ಊರನ್ನು ತೋರಿಸುತ್ತಿದ್ದರು. ಆಮೇಲೆ ಒಂದೊಂದೇ ಮಹಡಿ ಇಳಿಯುತ್ತಾ ಮೊದಲು ಎಡಿನ್‌ಬರೋ, ನಂತರ ಸ್ಕಾಟ್ಲೆಂಡ್, ಯೂರೋಪ್, ಕೊನೆಗೆ ಜಗತ್ತು. ಮೊದಲು ನಿನ್ನ ಊರು, ಆಮೇಲೆ ಲೋಕ ಅನ್ನುವ ಕ್ರಮ ಅದು. ಇದೇ ಗೆಡ್ಡಿಸ್ ಮುಂದೆ ಭಾರತಕ್ಕೆ ಬಂದು ಹಲವು ಊರುಗಳಲ್ಲಿ ಓಡಾಡಿ ವರದಿ ಬರೆದರು, 1919ರಲ್ಲಿ ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರೊಫೆಸರ್ ಆದರು. ಊರನ್ನು ಬದಲಾಯಿಸಲು ಹೊರಡುವ ಮುಂಚೆ ಅದರಲ್ಲಿ ನಡೆದಾಡಿ ನೋಡಬೇಕು ಅನ್ನೋದು ಅವರ ಹಠ.

ಎತ್ತರದಿಂದ ನೋಡುವಾಗ ಒಂದು ಸಣ್ಣ ಕೆಲಸ ಮಾಡಿ. ಕಾಲೇಜು ಎಲ್ಲಿದೆ ಹುಡುಕಿ, ಹಾಸ್ಟೆಲ್ ಹುಡುಕಿ, ಸೂರ್ಯ ಯಾವ ಕಡೆ ಇದ್ದಾನೆ ನೋಡಿಕೊಳ್ಳಿ. ದಿಕ್ಕು ಒಂದು ಸಲ ತಲೆಯಲ್ಲಿ ಕೂತರೆ ಆಮೇಲೆ ದಾರಿ ತಪ್ಪಿದರೂ ಗಾಬರಿ ಆಗುವುದಿಲ್ಲ.

ಇನ್ನು ಎಲ್ಲರಿಗೂ ಗೊತ್ತಿರುವ ಮಾತುಗಳು, ಆದರೂ ಹೇಳುತ್ತೇನೆ. ಮೊದಮೊದಲು ಇಬ್ಬರು ಮೂವರು ಸೇರಿ ಹೋಗಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಒಬ್ಬರಿಗೆ ತಿಳಿಸಿ. ವಾಪಸ್ ಬರುವ ಬಸ್ಸಿನ ಸಮಯ ಹೋಗುವಾಗಲೇ ನೋಡಿಕೊಳ್ಳಿ. ಹಾಸ್ಟೆಲ್ ಬಾಗಿಲು ಹಾಕುವ ಹೊತ್ತಿಗೂ ಫೀಲ್ಡ್ ಮುಗಿಯುವ ಹೊತ್ತಿಗೂ ಹೊಂದದಿದ್ದರೆ ಅಧ್ಯಾಪಕರಿಂದ ಮುಂಚೆಯೇ ಪತ್ರ ಬರೆಸಿಕೊಳ್ಳಿ. ಹೋಗುವಾಗ ಫೋನಿನ ನಕ್ಷೆ ನೋಡಿ, ಬರುವಾಗ ಜೇಬಿನಲ್ಲಿಡಿ.

ಆ ಕೊನೆಯ ಮಾತು ಸುಮ್ನೆ ಹೇಳಿದ್ದಲ್ಲ. ಲಂಡನ್ನಿನಲ್ಲಿ ಕಪ್ಪು ಟ್ಯಾಕ್ಸಿ ಓಡಿಸಬೇಕಾದರೆ 'ನಾಲೆಜ್' ಅನ್ನುವ ಪರೀಕ್ಷೆ ಪಾಸು ಮಾಡಬೇಕು. ಊರಿನ ನಡುವಿರುವ ಚೇರಿಂಗ್ ಕ್ರಾಸ್‌ನಿಂದ ಎಲ್ಲ ಕಡೆಗೂ ಆರು ಮೈಲಿ ದೂರದೊಳಗಿರುವ ಸಾವಿರಾರು ಬೀದಿಗಳು ಬಾಯಲ್ಲೇ ಇರಬೇಕು. ಅದಕ್ಕಾಗಿ ಅವರು ಪುಟ್ಟ ಮೋಟಾರ್‌ಬೈಕ್ ಹತ್ತಿ, ಪಟ್ಟಿಯಲ್ಲಿರುವ 320 ದಾರಿಗಳಲ್ಲಿ ವರ್ಷಗಟ್ಟಲೆ ಓಡಾಡುತ್ತಾರೆ. 2000ದಲ್ಲಿ ಎಲೀನರ್ ಮ್ಯಾಗ್ವೈರ್ ಅವರ ತಂಡ ಈ ಚಾಲಕರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿತು. ದಾರಿ ನೆನಪಿಗೆ ಸಂಬಂಧಪಟ್ಟ ಹಿಪ್ಪೊಕ್ಯಾಂಪಸ್ ಅನ್ನುವ ಮೆದುಳಿನ ಭಾಗದ ಹಿಂಬದಿ ಅವರಲ್ಲಿ ಬೇರೆಯವರಿಗಿಂತ ದೊಡ್ಡದಿತ್ತು. ನಮಗೆ ಅಷ್ಟೆಲ್ಲ ಬೇಡ. ವಾರಕ್ಕೆ ಒಂದು ದಾರಿಯನ್ನು ಫೋನ್ ಇಲ್ಲದೆ ನಡೆದರೂ ಎಷ್ಟೋ ಆಯಿತು.

ಒಂದೇ ಕಡೆ ಅರ್ಧ ಗಂಟೆ

ಇಡೀ ಕೋರ್ಸ್‌ನ ಜೀವ ಇರುವುದು ಇಲ್ಲಿ. ಒಂದು ಜಾಗ ಆರಿಸಿ, ಕೂತುಕೊಳ್ಳಿ, ಅರ್ಧ ಗಂಟೆ ನೋಡಿದ್ದನ್ನು ಬರೆಯಿರಿ. ಯೋಚಿಸಿದ್ದನ್ನು ಬರೆಯಬೇಡಿ, ಕಂಡದ್ದನ್ನು ಮಾತ್ರ. 'ಜನ ಜಾಸ್ತಿ ಇದ್ದರು' ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಎಣಿಸಿ.

ನಾನು ಮೊದಲ ಸಲ ಕೂತದ್ದು ಒಂದು ಬಸ್ ಸ್ಟಾಪಿನ ಎದುರು. ಮೊದಲ ಐದು ನಿಮಿಷ ಬರೆಯಲು ಏನೂ ಸಿಗಲಿಲ್ಲ. ಬಸ್ಸು ಬಂತು, ಹೋಯಿತು ಅಂತ ಎರಡು ಸಾಲು ಗೀಚಿದೆ. ಹತ್ತು ನಿಮಿಷ ಆದಮೇಲೆ ಗಮನಿಸಿದೆ, ಸ್ಟಾಪಿನ ಸೂರಿನ ಕೆಳಗೆ ಒಬ್ಬರೂ ಇಲ್ಲ. ಹನ್ನೊಂದು ಜನ ಅದರಿಂದ ಇಪ್ಪತ್ತು ಹೆಜ್ಜೆ ಆಚೆ, ಮರದ ಕೆಳಗೆ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿದ್ದರು. ಅದು ಮರದ ನೆರಳಿನ ಆಕಾರ. ನೆರಳು ಸರಿದ ಹಾಗೆ ಸಾಲೂ ಸರಿಯುತ್ತಿತ್ತು. ಕಬ್ಬಿಣದ ಸೂರು ಕಾದು ಅದರ ಕೆಳಗೆ ನಿಲ್ಲಲು ಆಗುತ್ತಿರಲಿಲ್ಲ. ಬಸ್ಸಿನ ಡ್ರೈವರ್‌ಗೂ ಇದು ಗೊತ್ತು, ಅವರು ಸ್ಟಾಪಿನಲ್ಲಿ ನಿಲ್ಲಿಸದೆ ಮರದ ಹತ್ತಿರವೇ ನಿಲ್ಲಿಸುತ್ತಿದ್ದರು. ಹೊಸಬಳೊಬ್ಬಳು ಮಾತ್ರ ಸೂರಿನ ಕೆಳಗೆ ಹೋಗಿ ನಿಂತಳು. ಬಸ್ಸು ಮುಂದೆ ಹೋಗಿ ನಿಂತಾಗ ಬ್ಯಾಗು ಹಿಡಿದು ಓಡಿದಳು. ಮರದ ಕೆಳಗಿದ್ದ ಒಬ್ಬ ಅಜ್ಜಿ ಬಾಗಿಲಲ್ಲಿ ಒಂದು ಕಾಲಿಟ್ಟು, ಅವಳು ಬರುವ ತನಕ ಬಸ್ಸನ್ನು ತಡೆದು ನಿಂತರು.

ಅವತ್ತಿನಿಂದ ನನಗೆ ಆ ಊರಿನ ಬಸ್ ಸ್ಟಾಪುಗಳೆಲ್ಲ ಬೇರೆ ಥರ ಕಾಣಲು ಶುರುವಾಯಿತು.

ವಿಲಿಯಂ ವೈಟ್ ಅನ್ನುವವರು 1970ರ ದಶಕದಲ್ಲಿ ನ್ಯೂಯಾರ್ಕ್‌ನ ಬಯಲು ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಇದನ್ನೇ ಮಾಡಿದರು. ದೊಡ್ಡ ಕಟ್ಟಡಗಳ ಮುಂದೆ ಜನರಿಗೆಂದು ಬಿಟ್ಟ ಜಾಗಗಳಲ್ಲಿ ಕೆಲವು ತುಂಬಿರುತ್ತಿದ್ದವು, ಕೆಲವು ಖಾಲಿ. ಯಾಕೆ? ಅವರಿಗೆ ಕಂಡ ದೊಡ್ಡ ಉತ್ತರ ತೀರಾ ಸರಳ: ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ. ಸರಿಸಬಹುದಾದ ಕುರ್ಚಿ ಇದ್ದರೆ ಜನ ಕೂರುವ ಮುಂಚೆ ಅದನ್ನು ಒಂದಿಷ್ಟು ಅತ್ತಿತ್ತ ಸರಿಸುತ್ತಾರೆ, ಸರಿಸುವ ಅಗತ್ಯ ಇಲ್ಲದಿದ್ದರೂ. ಮಾತಿಗೆ ನಿಂತವರು ದಾರಿಯ ಬದಿಗೆ ಹೋಗದೆ ಜನ ಓಡಾಡುವ ನಡುವೆಯೇ ನಿಲ್ಲುತ್ತಾರೆ. ಇವನ್ನು ನಿಮ್ಮ ಊರಿನಲ್ಲಿ ಪರೀಕ್ಷೆ ಮಾಡಿ ನೋಡಬಹುದು. ಹೌದಾ, ಅಲ್ಲವಾ? ಎಷ್ಟು ಜನ, ಎಷ್ಟೊತ್ತು?

ಅದೇ ಜಾಗಕ್ಕೆ ಬೇರೆ ಹೊತ್ತಿನಲ್ಲಿ ಮತ್ತೆ ಹೋಗಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಬಂದ ದಿನ ಒಮ್ಮೆ, ರಜಾದಿನ ಒಮ್ಮೆ. ಎರಡನೇ ಸಲಕ್ಕೆ ಬೇಜಾರಾಗುತ್ತದೆ, ಮೂರನೇ ಸಲಕ್ಕೆ ಅಲ್ಲಿರುವವರು ಗುರುತು ಹಿಡಿಯುತ್ತಾರೆ. ಆ ಮೂರನೇ ಸಲದ ತನಕ ಬಿಡಬೇಡಿ.

ಮಾತಾಡಿಸುವುದು

ಸಂಕೋಚ ಇರುವವರಿಗೆ ಇದೇ ಕಷ್ಟದ ಭಾಗ. ನಾನೂ ಅಂಥವಳೇ. ಒಂದು ಉಪಾಯ ಅಂದರೆ ಪ್ರಶ್ನೆಯನ್ನು ಸಣ್ಣದು ಮಾಡಿಕೊಳ್ಳುವುದು. 'ಈ ಊರು ಹೇಗೆ ಬದಲಾಗಿದೆ?' ಅಂತ ಕೇಳಿದರೆ ಯಾರೂ ಏನೂ ಹೇಳಲಾರರು. 'ಈ ಮರ ನೀವು ಬಂದಾಗ ಇಷ್ಟೇ ದೊಡ್ಡದಿತ್ತಾ?' ಅಂತ ಕೇಳಿ ನೋಡಿ. ಅಲ್ಲಿಂದ ರಸ್ತೆ ಅಗಲ ಆದದ್ದು, ನೀರು ನಿಂತದ್ದು, ಯಾರು ಮನೆ ಬಿಟ್ಟು ಹೋದರು, ಎಲ್ಲವೂ ಒಂದೊಂದಾಗಿ ಬರುತ್ತದೆ. ನೀವು ವಿದ್ಯಾರ್ಥಿ ಅಂತ ಮೊದಲೇ ಹೇಳಿ, ಯಾಕೆ ಕೇಳುತ್ತಿದ್ದೀರಿ ಅಂತಲೂ ಹೇಳಿ. ಬೇಡ ಅಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಊರಿನವರ ಮಾತು ಎಷ್ಟು ಮುಖ್ಯ ಅನ್ನೋದಕ್ಕೆ 1854ರ ಲಂಡನ್ ನೆನಪಾಗುತ್ತದೆ. ಸೋಹೋದಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಮನೆಮನೆಗೆ ಹೋಗಿ ಕೇಳಿ, ಬಹುಪಾಲು ಸಾವುಗಳು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಇವೆ ಅಂತ ಕಂಡುಕೊಂಡರು. ಆಮೇಲೆ ಅದನ್ನು ನಕ್ಷೆಯಲ್ಲೂ ತೋರಿಸಿದರು. ಅದೇ ಪ್ರದೇಶದ ಪಾದ್ರಿ ಹೆನ್ರಿ ವೈಟ್‌ಹೆಡ್ ಮೊದಲು ಇದನ್ನು ನಂಬಲಿಲ್ಲ. ಅಲ್ಲಿನ ಕುಟುಂಬಗಳೆಲ್ಲ ಅವರಿಗೆ ಪರಿಚಯ ಇದ್ದವರು, ಹಾಗಾಗಿ ತಾವೇ ವಿಚಾರಿಸುತ್ತಾ ಹೋದರು. ಕೊನೆಗೆ ಪಂಪಿನ ಪಕ್ಕದ ಮನೆಯಲ್ಲಿ ಮೊದಲು ಕಾಯಿಲೆ ಬಿದ್ದ ಮಗುವಿನ ವಿಷಯ ಗೊತ್ತಾದದ್ದು ಅವರಿಂದಲೇ. ನಕ್ಷೆ ಬರೆಯುವವರ ಜೊತೆಗೆ ಬಾಗಿಲು ತಟ್ಟಿದರೆ ತೆರೆಯುವಷ್ಟು ಪರಿಚಯ ಇರುವವರೂ ಬೇಕಾಯಿತು.

ಫೋಟೋ ತೆಗೆಯುವ ಮುಂಚೆ ಕೇಳಿ. ಮಕ್ಕಳ ಫೋಟೋ ಬೇಡವೇ ಬೇಡ. ಬಡವರ ಕೇರಿಗೆ ಗುಂಪು ಕಟ್ಟಿಕೊಂಡು ಹೋಗಿ ನೋಡಿ ಬರುವ ಫೀಲ್ಡ್ ವಿಸಿಟ್ ಇದ್ದರೆ ಅಧ್ಯಾಪಕರ ಹತ್ತಿರ ಮಾತಾಡಿ. ಅಲ್ಲಿ ಕೆಲಸ ಮಾಡುವವರು, ಅಲ್ಲೇ ಇರುವವರು ಕರೆದರೆ, ಅವರೇ ತೋರಿಸಿದರೆ ಹೋಗುವುದು ಸರಿ. ಯಾರದೋ ಮನೆ ಬಾಗಿಲಲ್ಲಿ ನಿಂತು ಟಿಪ್ಪಣಿ ಬರೆದುಕೊಳ್ಳುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಇನ್ನು ತರಗತಿಯಲ್ಲಿ ಅದೇ ಊರಿನಲ್ಲಿ ಹುಟ್ಟಿ ಬೆಳೆದವರೂ ಇರುತ್ತಾರೆ. ಅವರಿಗೆ ಇದೆಲ್ಲ ಗೊತ್ತಿರುತ್ತದೆ ಅಂದುಕೊಳ್ಳಬೇಡಿ. ತಮ್ಮ ಬಡಾವಣೆ ಬಿಟ್ಟು ಆಚೆ ಹೋಗದವರು ಬೇಕಾದಷ್ಟು ಜನ. ಹೊಸಬರು ಒಬ್ಬರು, ಊರಿನವರು ಒಬ್ಬರು ಅಂತ ಜೋಡಿ ಮಾಡಿದರೆ ಇಬ್ಬರಿಗೂ ಲಾಭ.

ಬರೆಯುವುದು

ಟಿಪ್ಪಣಿಯನ್ನು ಅವತ್ತೇ ರಾತ್ರಿ ಬಿಡಿಸಿ ಬರೆಯಿರಿ, ನಾಳೆ ಅಂದರೆ ಅರ್ಧ ಮರೆತಿರುತ್ತದೆ. ತಾರೀಖು, ಹೊತ್ತು, ಬಿಸಿಲು ಮಳೆ, ಎಲ್ಲಿ ಕೂತಿದ್ದಿರಿ, ಇವು ಮೊದಲ ಸಾಲಿನಲ್ಲಿರಲಿ. ವರದಿಯನ್ನು ಊರಿನ ಇತಿಹಾಸದಿಂದ ಶುರು ಮಾಡಬೇಡಿ, ಅದು ಎಲ್ಲರ ವರದಿಯಲ್ಲೂ ಒಂದೇ ಇರುತ್ತದೆ. ನೀವು ಎಣಿಸಿದ ಹನ್ನೊಂದು ಜನರಿಂದ ಶುರು ಮಾಡಿ.

ಕೋರ್ಸ್ ಸಿಗದಿದ್ದರೆ

ನಾಲ್ಕೈದು ಜನ ಸೇರಿ ನಿಮ್ಮದೇ ಮಾಡಿಕೊಳ್ಳಿ. ಒಬ್ಬ ಅಧ್ಯಾಪಕರನ್ನು ಹಿಡಿದು, ಒಂದು ಪುಟದಲ್ಲಿ ಪ್ರಶ್ನೆ, ಜಾಗ, ಎಷ್ಟು ವಾರ, ಕೊನೆಗೆ ಏನು ಕೊಡುತ್ತೀರಿ ಅಂತ ಬರೆದು ತೋರಿಸಿ. ಪ್ರಾಜೆಕ್ಟ್ ಅಥವಾ ಸ್ವಂತ ಅಧ್ಯಯನ ಅಂತ ಕ್ರೆಡಿಟ್ ಸಿಗುವ ಸಾಧ್ಯತೆ ಇದೆ. ಟೊರಾಂಟೋದಲ್ಲಿ 2007ರಲ್ಲಿ, ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ ನೆನಪಿಗೆ ಶುರುವಾದ 'ಜೇನ್ಸ್ ವಾಕ್' ಈಗ ಹಲವು ದೇಶಗಳಲ್ಲಿ ಮೇ ತಿಂಗಳ ಮೊದಲ ವಾರಾಂತ್ಯದ ಆಸುಪಾಸು ನಡೆಯುತ್ತದೆ. ಊರಿನವರೇ ತಮಗೆ ಗೊತ್ತಿರುವ ಬೀದಿಯಲ್ಲಿ ಪುಕ್ಕಟೆಯಾಗಿ ನಡೆಸಿಕೊಂಡು ಹೋಗುತ್ತಾರೆ. ಗಿಡ ಹಕ್ಕಿ ಇಷ್ಟ ಇರುವವರಿಗೆ, ಊರಿನಲ್ಲಿ ಕಂಡ ಗಿಡ ಹಕ್ಕಿಗಳನ್ನು ದಾಖಲಿಸುವ 'ಸಿಟಿ ನೇಚರ್ ಚಾಲೆಂಜ್' ಇದೆ. 2016ರಲ್ಲಿ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ ಊರುಗಳ ನಡುವಿನ ಪೈಪೋಟಿಯಾಗಿ ಹುಟ್ಟಿದ್ದು ಅದು. ನಕ್ಷೆ ಇಷ್ಟವಾದರೆ 2004ರಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಕಾಲೇಜಿನ ಸುತ್ತಲಿನ ಬೆಂಚು, ನೀರಿನ ನಲ್ಲಿ, ಮೆಟ್ಟಿಲುಗಳನ್ನು ನೀವೇ ಸೇರಿಸಬಹುದು. ಒಂದು ಮಧ್ಯಾಹ್ನದ ಕೆಲಸ, ಆಮೇಲೆ ಬರುವ ಹೊಸಬರಿಗೂ ಸಿಗುತ್ತದೆ.

ಸೆಮಿಸ್ಟರ್‌ನ ಕೊನೆಯ ವಾರ ಇನ್ನೊಂದು ಖಾಲಿ ಹಾಳೆ ತಗೊಳ್ಳಿ. ಹಳೆಯದನ್ನು ನೋಡದೆ ಅದೇ ಊರಿನ ನಕ್ಷೆಯನ್ನು ಮತ್ತೆ ಬರೆಯಿರಿ, ಹತ್ತು ನಿಮಿಷವೇ. ನನ್ನ ಎರಡನೇ ಹಾಳೆಯಲ್ಲಿ ಗೆರೆಗಳು ಅಂಚು ದಾಟಿ ಹೋಗಿದ್ದವು, ಇನ್ನೊಂದು ಹಾಳೆ ಅಂಟಿಸಬೇಕಾಯಿತು. ರೈಲು ನಿಲ್ದಾಣಕ್ಕೆ ಮೂರು ದಾರಿಗಳಿದ್ದವು. ಕಾಲೇಜಿಗಿಂತ ದೊಡ್ಡದಾಗಿ ಬರೆದದ್ದು ಒಂದು ಮರವನ್ನು.